ನಮ್ಮ ಊರಿನ ವಿಷದ ಹಾವುಗಳು: ಎಲ್ಲಿ ಇರುತ್ತವೆ, ಹೇಗೆ ಗುರುತು ಹಿಡಿಯುವುದು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಗಿನಿಂದ ಮೇವಿನ ಬೆಳೆ, ಕೆಚ್ಚಲು ಬಾವು, ಹಾಲಿನ ಗುಣಮಟ್ಟ ಇವುಗಳ ಬಗ್ಗೆ ತಿಳಿದವರು ಮಾತನಾಡಿದ್ದಾರೆ. ಊಟಕ್ಕೆ ಮುಂಚೆ ಹಾವಿನ ವಿಷಯ ಹೇಳಿ ಎಂದು ನಮ್ಮನ್ನು ಕರೆದಿದ್ದೀರಿ. ಹಸಿದವರ ಮುಂದೆ ಹಾವು ಬಿಡುವುದು ಅಷ್ಟೇನೂ ಒಳ್ಳೆಯ ಪದ್ಧತಿ ಅಲ್ಲ. ಆದರೂ ಕರೆದದ್ದಕ್ಕೆ ಸಂತೋಷ. ಇನ್ನೊಂದು ಮಾತು. ಈ ಭಾಷಣದಲ್ಲಿ ‘ಮಂಡಲ’ ಎಂಬ ಪದ ಮೇಲಿಂದ ಮೇಲೆ ಬರುತ್ತದೆ. ಅದಕ್ಕೂ ನಮ್ಮ ಆಡಳಿತ ಮಂಡಳಿಗೂ ಯಾವ ಸಂಬಂಧವೂ ಇಲ್ಲ. ನಿರ್ದೇಶಕರು ದಯವಿಟ್ಟು ಬೇಜಾರು ಮಾಡಿಕೊಳ್ಳಬಾರದು.

ಹಾಲಿನ ಸಂಘದ ಸಭೆಯಲ್ಲಿ ಹಾವಿನ ಮಾತು ಯಾಕೆ ಅನ್ನಬಹುದು. ನಮ್ಮ ಹೊತ್ತುಗಾರಿಕೆಯನ್ನೇ ನೋಡಿ. ಬೆಳಗಿನ ಜಾವ ಕತ್ತಲಿರುವಾಗಲೇ ಎದ್ದು ಕೊಟ್ಟಿಗೆಗೆ ಹೋಗುತ್ತೇವೆ. ಹುಲ್ಲಿನ ಬಣವೆಗೆ ಕೈ ಹಾಕಿ ಎಳೆಯುತ್ತೇವೆ. ಬೂಸಾ ಚೀಲದ ಸಂದಿಯಲ್ಲಿ ಚೊಂಬು ಹುಡುಕುತ್ತೇವೆ. ಹಾಲು ಕರೆದು ಕ್ಯಾನು ಹಿಡಿದು ಮಬ್ಬುಗತ್ತಲಲ್ಲಿ ಬದುವಿನ ಮೇಲೆ ನಡೆದು ಡೇರಿಗೆ ಬರುತ್ತೇವೆ. ಸಂಜೆ ಮತ್ತೆ ಅದೇ. ಹಾವು ಹೊರಗೆ ಬಂದು ಓಡಾಡುವ ಹೊತ್ತೂ ಅದೇ, ಹಾವು ಅಡಗುವ ಜಾಗವೂ ಅದೇ. ಬೂಸಾ, ಹಿಂಡಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಹಾಲು ಉತ್ಪಾದಕನಿಗಿಂತ ಹಾವಿಗೆ ಹತ್ತಿರದ ನೆರೆಯವನು ಇನ್ನೊಬ್ಬನಿಲ್ಲ.

ಇದು ಸಣ್ಣ ವಿಷಯವೂ ಅಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿತು. ಅಂದರೆ ವರ್ಷಕ್ಕೆ ಸರಾಸರಿ 58,000 ಜನ. ಅದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗಿನ ಮಳೆಗಾಲದಲ್ಲಿ. ಸತ್ತವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ 15 ವರ್ಷದೊಳಗಿನ ಮಕ್ಕಳು. ಇವರೆಲ್ಲ ಕಾಡಿಗೆ ಬೇಟೆಗೆ ಹೋದವರಲ್ಲ. ಹೆಚ್ಚಿನವರು ನಮ್ಮಂಥ ಹಳ್ಳಿಯವರು, ಹೊಲದಲ್ಲಿ ಮನೆಯಲ್ಲಿ ಇದ್ದವರು.

ಈಗ ವಿಷಯಕ್ಕೆ ಬರೋಣ. ಭಾರತದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಅವನ್ನೆಲ್ಲ ಕಲಿಯುವುದು ಪಂಡಿತರ ಕೆಲಸ, ನಮಗೆ ಬೇಡ. ನಮ್ಮ ನಾಲೆ ಸೀಮೆಯಲ್ಲಿ, ಅಂದರೆ ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬರುವ ಈ ಭತ್ತ ಕಬ್ಬಿನ ಬಯಲಿನಲ್ಲಿ, ಮನುಷ್ಯನ ಪ್ರಾಣ ತೆಗೆಯುವಷ್ಟು ವಿಷ ಇರುವ ಹಾವುಗಳನ್ನು ಒಂದು ಕೈ ಬೆರಳಲ್ಲಿ ಎಣಿಸಬಹುದು. ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ. ಈ ನಾಲ್ಕನ್ನು ಕಲಿತರೆ ಸಾಕು. ಮಿಕ್ಕದ್ದೆಲ್ಲ ‘ಈ ನಾಲ್ಕರಲ್ಲಿ ಯಾವುದೂ ಅಲ್ಲ’ ಎಂದಾದರೆ ನಮ್ಮ ಕೆಲಸ ಮುಗಿಯಿತು.

ಕಲಿಯುವುದು ಹೇಗೆ? ಜನ ನಮ್ಮನ್ನು ಕೇಳುವುದು ಬಣ್ಣವನ್ನು. ‘ಕಪ್ಪಗಿತ್ತು ಸ್ವಾಮಿ, ಮಿರಮಿರ ಅಂತಿತ್ತು, ಯಾವ ಹಾವು?’ ಅಂತ. ನಾವು ತಿರುಗಿ ಕೇಳುವುದು ಎರಡು ಪ್ರಶ್ನೆ. ಎಲ್ಲಿತ್ತು? ಎಷ್ಟು ಹೊತ್ತಿನಲ್ಲಿ? ಜಾಗ ಮತ್ತು ಹೊತ್ತು ಗೊತ್ತಾದರೆ ಅರ್ಧ ಗುರುತು ಸಿಕ್ಕಿತು. ಬಣ್ಣ, ಪಟ್ಟೆ ಇವೆಲ್ಲ ಆಮೇಲೆ. ಯಾಕೆಂದರೆ ಹಾವಿನ ಬಣ್ಣ ಪೊರೆ ಬಿಡುವ ಮುಂಚೆ ಮಂಕಾಗುತ್ತದೆ, ಮಣ್ಣು ಮೆತ್ತಿಕೊಂಡಿರುತ್ತದೆ, ಟಾರ್ಚ್ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ಜಾಗ ಅಷ್ಟು ಸುಲಭಕ್ಕೆ ಮೋಸ ಮಾಡುವುದಿಲ್ಲ.

ಮೊದಲು ಕೊಳಕು ಮಂಡಲ. ನಮ್ಮ ಕಡೆ ರೈತನಿಗೆ ಹೊಲದಲ್ಲಿ ಎದುರಾಗುವ ದೊಡ್ಡ ಅಪಾಯ ಇದೇ. ಇದರ ಜಾಗ ಬದುವಿನ ಹುಲ್ಲು, ಕಬ್ಬಿನ ತರಗು, ತೆಂಗಿನ ಮಟ್ಟೆಯ ರಾಶಿ, ಕುಯ್ದು ಹಾಕಿದ ರಾಗಿ ತೆನೆಯ ಅಡಿ, ನಾಲೆ ಏರಿಯ ಇಲಿ ಬಿಲ. ಹಗಲೆಲ್ಲ ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ, ಕತ್ತಲಾದ ಮೇಲೆ ಇಲಿ ಹುಡುಕಿ ಹೊರಡುತ್ತದೆ. ಸುಮಾರು ಮೂರರಿಂದ ನಾಲ್ಕು ಅಡಿ ಉದ್ದ, ಆದರೆ ದಪ್ಪ. ಬಾಲ ಗಿಡ್ಡ. ತಲೆ ಮೂರು ಮೂಲೆಯಾಗಿ, ಕುತ್ತಿಗೆಯಿಂದ ಬೇರೆಯಾಗಿ ಎದ್ದು ಕಾಣುತ್ತದೆ. ಮೈ ಕಂದು ಬಣ್ಣ. ಅದರ ಮೇಲೆ ಉದ್ದಕ್ಕೆ ಮೂರು ಸಾಲಾಗಿ, ಬೆನ್ನ ಮೇಲೆ ಒಂದು ಸಾಲು, ಎರಡು ಪಕ್ಕಗಳಲ್ಲಿ ಒಂದೊಂದು ಸಾಲು, ಮೊಟ್ಟೆಯಾಕಾರದ ಕಡುಕಂದು ಮಚ್ಚೆಗಳು. ಪ್ರತಿ ಮಚ್ಚೆಗೂ ಕರಿಯ ಅಂಚು, ಅದರಾಚೆ ಬಿಳಿಯ ಗೆರೆ. ದೂರದಿಂದ ನೋಡಿದರೆ ಸರಪಳಿ ಬಿದ್ದಂತೆ ಕಾಣುತ್ತದೆ. ಈ ಮಚ್ಚೆಗಳ ಅಚ್ಚುಕಟ್ಟನ್ನು ಮನಸ್ಸಿಗೆ ತಂದುಕೊಳ್ಳಿ. ಯಾಕೆಂದರೆ ಇದನ್ನು ಜನ ಎರಡು ಪಾಪದ ಹಾವುಗಳ ಜೊತೆ ಕಲಸುತ್ತಾರೆ. ಒಂದು ಹೆಬ್ಬಾವಿನ ಮರಿ. ಹೆಬ್ಬಾವಿನ ಮಚ್ಚೆಗಳಿಗೆ ಆಕಾರವೇ ಇಲ್ಲ, ಹರಿದ ಚಿಂದಿ ಹೊಲಿದಂತೆ ಇರುತ್ತವೆ. ಇನ್ನೊಂದು ಮಣ್ಣುಮುಕ್ಕ. ಅದರ ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡು ಅಂಕುಡೊಂಕು ಪಟ್ಟೆಯಾಗಿರುತ್ತವೆ, ಕುತ್ತಿಗೆ ಬೇರೆಯಾಗಿ ಕಾಣುವುದಿಲ್ಲ. ಹೆಬ್ಬಾವಿನ ಮರಿ ಅಂದುಕೊಂಡು ಕೈಯಲ್ಲಿ ಹಿಡಿದು ಮಂಡಲದಿಂದ ಕಚ್ಚಿಸಿಕೊಂಡವರಿದ್ದಾರೆ. ಮಂಡಲ ಅಂದುಕೊಂಡು ಹೆಬ್ಬಾವಿನ ಮರಿಯನ್ನು ಬಡಿದು ಕೊಂದವರಂತೂ ಲೆಕ್ಕವಿಲ್ಲ.

ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುವ ಹಾವು ಇದು. ಕೆಣಕಿದರೆ ಪ್ರೆಶರ್ ಕುಕ್ಕರಿನಿಂದ ಆವಿ ಬಿಟ್ಟಂತೆ ಬುಸ್ಸೆಂದು ಎಳೆದೆಳೆದು ಶಬ್ದ ಮಾಡುತ್ತದೆ. ಆ ಸದ್ದು ಕೇಳಿದರೆ ಅಲ್ಲೇ ನಿಲ್ಲಬೇಕು, ಎಲ್ಲಿಂದ ಬಂತು ನೋಡಬೇಕು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಕಾಲು ಬಡಿದು ನಡೆದರೆ ಹಾವು ಓಡಿ ಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಕೇರೆಗೆ, ನಾಗರಕ್ಕೆ ಅದು ನಿಜ. ಮಂಡಲ ಮಾತ್ರ ತನ್ನ ಬಣ್ಣವನ್ನು ನಂಬಿ ಇದ್ದಲ್ಲೇ ಇರುವುದು ಹೆಚ್ಚು. ಅದಕ್ಕೇ ತುಳಿದ ಮೇಲೆ ಕಚ್ಚಿಸಿಕೊಳ್ಳುತ್ತೇವೆ. ರಾಗಿ ಕುಯ್ಯುವಾಗ ಬಲಗೈಯಲ್ಲಿ ಕುಡುಗೋಲು ಇರುತ್ತದೆ, ಕಣ್ಣು ಅದರ ಮೇಲೆ. ಎಡಗೈ ನೋಡದೆ ಬುಡಕ್ಕೆ ಹೋಗುತ್ತದೆ. ಕಚ್ಚುವುದು ಆ ಕೈಗೆ. ಮುಂದಿಂದ ಒಂದು ಕೋಲಿನಲ್ಲಿ ಪೈರು ಸರಿಸಿಕೊಂಡು ಕುಯ್ದರೆ ದಿನಕ್ಕೆ ಅರ್ಧ ಗಂಟೆ ಹೆಚ್ಚಾಗಬಹುದು. ಆಗಲಿ ಬಿಡಿ.

ಮಂಡಲ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಒಂದೇ ಸಲಕ್ಕೆ ಇಪ್ಪತ್ತು, ಮೂವತ್ತು, ಇನ್ನೂ ಹೆಚ್ಚು. ನಮ್ಮ ಕಡೆ ಹೆಚ್ಚಾಗಿ ಮೇ, ಜೂನ್, ಜುಲೈ ತಿಂಗಳಲ್ಲಿ. ಮರಿ ಒಂದು ಗೇಣಿಗಿಂತ ಸ್ವಲ್ಪ ಉದ್ದ, ಬಣ್ಣ ತಾಯಿಯದೇ, ಹುಟ್ಟಿದಾಗಿನಿಂದಲೇ ವಿಷ ಇರುತ್ತದೆ. ನಾಟಿಗೆ ಮುಂಚೆ ಬದು ಕೆತ್ತುವಾಗ ‘ಸಣ್ಣ ಹಾವು, ಏನೂ ಮಾಡಲ್ಲ’ ಅಂತ ಮಕ್ಕಳು ಹಿಡಿಯುವುದುಂಟು. ಬಿಡಬೇಡಿ.

ಎರಡನೆಯದು ಕಟ್ಟುಹಾವು. ಮಂಡಲ ಹೊಲದ ಹಾವಾದರೆ ಇದು ಮನೆಯ ಹಾವು. ಮಂಡಲ ಕಚ್ಚಿದರೆ ಊರಿಗೇ ಕೇಳುವಂತೆ ನೋವಾಗುತ್ತದೆ. ಇದು ಕಚ್ಚಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಹಗಲು ಇಟ್ಟಿಗೆ ರಾಶಿ, ಸೌದೆ ಒಟ್ಟಲು, ಹಳೆಯ ಮಣ್ಣುಗೋಡೆಯ ಬಿರುಕು, ಮೋಟಾರು ಮನೆಯ ಮೂಲೆ ಇಲ್ಲೆಲ್ಲ ತಲೆ ಹುದುಗಿಸಿಕೊಂಡು ಮುದ್ದೆಯಾಗಿ ಬಿದ್ದಿರುತ್ತದೆ. ಆಗ ಮುಟ್ಟಿದರೂ ಸುಮ್ಮನಿರುವುದರಿಂದ ‘ಸಾಧು ಹಾವು’ ಅನ್ನಿಸುತ್ತದೆ. ರಾತ್ರಿ ಅದೇ ಹಾವು ಚುರುಕಾಗುತ್ತದೆ. ಬೇರೆ ಹಾವು, ಹಲ್ಲಿ, ಇಲಿಗಳನ್ನು ಹುಡುಕಿಕೊಂಡು ಮನೆಯೊಳಗೆ ಬರುತ್ತದೆ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರು ಮಗ್ಗುಲು ಬದಲಿಸಿದಾಗ ಕೈಯೋ ಕಾಲೋ ಅದರ ಮೇಲೆ ಬೀಳುತ್ತದೆ.

ಮುಂದಿನ ಕಥೆ ಒಂದು ಊರಿನದಲ್ಲ. ನಡುರಾತ್ರಿ ಮಗು ಎದ್ದು ‘ಅವ್ವಾ ಹೊಟ್ಟೆ ನೋಯ್ತದೆ’ ಅನ್ನುತ್ತದೆ. ತಾಯಿ ಓಂಕಾಳು ಕೊಟ್ಟು ಮಲಗಿಸುತ್ತಾಳೆ. ಮೈಮೇಲೆ ಗಾಯ ಇಲ್ಲ, ಊತ ಇಲ್ಲ, ರಕ್ತ ಇಲ್ಲ. ಬೆಳಗಿನ ಜಾವಕ್ಕೆ ಮಗು ಕಣ್ಣು ಬಿಡಲು ಕಷ್ಟಪಡುತ್ತದೆ, ರೆಪ್ಪೆ ಜೋತು ಬಿದ್ದಿದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ. ‘ಗಾಳಿ ಸೋಕಿದೆ, ಯಂತ್ರ ಕಟ್ಟಿಸಬೇಕು’ ಅನ್ನುವವರು ಅಷ್ಟೊತ್ತಿಗೆ ಬಂದಿರುತ್ತಾರೆ. ಆ ಮಗುವಿಗೆ ಬೇಕಾದದ್ದು ಯಂತ್ರವೇ ನಿಜ, ಆದರೆ ತಾಯಿತದ ಯಂತ್ರವಲ್ಲ, ಉಸಿರಾಡಿಸುವ ಯಂತ್ರ. ಕಟ್ಟುಹಾವಿನ ವಿಷ ಉಸಿರಾಟದ ಸ್ನಾಯುಗಳನ್ನು ನಿಲ್ಲಿಸುತ್ತದೆ. ಸಮಯಕ್ಕೆ ಆಸ್ಪತ್ರೆ ಸೇರಿ ಉಸಿರು ಕೊಟ್ಟರೆ ದಿನಗಟ್ಟಲೆ ಮಲಗಿದ್ದವರೂ ಎದ್ದು ಮನೆಗೆ ನಡೆದು ಬರುತ್ತಾರೆ. ಆದ್ದರಿಂದ ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದ್ದವರಿಗೆ ನಡುರಾತ್ರಿ ಕಾರಣವಿಲ್ಲದೆ ಹೊಟ್ಟೆ ನೋವು, ಆಮೇಲೆ ಕಣ್ಣರೆಪ್ಪೆ ಜೋಲು, ಈ ಎರಡು ಕೂಡಿದರೆ ಹಾವು ಕಾಣದಿದ್ದರೂ ಕಟ್ಟುಹಾವು ಎಂದೇ ತಿಳಿದು ಹೊರಡಿ. ಇದೂ ಒಂದು ಗುರುತು ಹಿಡಿಯುವ ರೀತಿಯೇ.

ಹಾವೇ ಕಂಡರೆ ಗುರುತು ಹೀಗೆ. ಕರಿಯ ಅಥವಾ ನೀಲಿ ಮಿಶ್ರಿತ ಕರಿಯ ಮೈ, ಎಣ್ಣೆ ಹಚ್ಚಿದಂಥ ಮಿನುಗು, ಅಡ್ಡಕ್ಕೆ ತೆಳ್ಳನೆಯ ಬಿಳಿ ಪಟ್ಟೆಗಳು. ಪಟ್ಟೆಗಳು ಹೆಚ್ಚಾಗಿ ಜೋಡಿ ಜೋಡಿಯಾಗಿ ಇರುತ್ತವೆ. ಕುತ್ತಿಗೆಯ ಹತ್ತಿರ ಇರುವುದಿಲ್ಲ ಅಥವಾ ಮಸುಕು, ಬಾಲದ ಕಡೆ ಹೋದಂತೆ ಸ್ಪಷ್ಟ. ಇದರ ಪಡಿಯಚ್ಚಿನಂತೆ ಕಾಣುವ ವಿಷವಿಲ್ಲದ ಹಾವು ತೋಳಹಾವು. ಮನೆಯ ಗೋಡೆ ಹತ್ತಿ ಹಲ್ಲಿ ಹಿಡಿಯುವುದು ಹೆಚ್ಚಾಗಿ ಅದೇ. ಅದರ ಲೆಕ್ಕ ತಿರುಗುಮುರುಗು: ಪಟ್ಟೆ ಕುತ್ತಿಗೆಯಿಂದಲೇ ಶುರು, ಅಗಲವಾಗಿ, ಬಾಲದ ಕಡೆ ಮಾಸುತ್ತ ಹೋಗುತ್ತದೆ. ಮೈ ಕಂದು. ‘ಕುತ್ತಿಗೆ ಖಾಲಿ ಬಾಲ ಭರ್ತಿ ಕಟ್ಟುಹಾವು, ಕುತ್ತಿಗೆ ಭರ್ತಿ ಬಾಲ ಖಾಲಿ ತೋಳಹಾವು’ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಬಹುದು. ಆದರೆ ಅನುಮಾನ ಬಂದರೆ ಕಟ್ಟುಹಾವು ಎಂದೇ ನಡೆದುಕೊಳ್ಳಬೇಕು. ತೋಳಹಾವನ್ನು ಕಟ್ಟುಹಾವು ಅಂದುಕೊಂಡರೆ ನಷ್ಟವಿಲ್ಲ, ಹಿಂದುಮುಂದಾದರೆ ಜೀವ ಹೋಗುತ್ತದೆ.

ನಾಗರಹಾವನ್ನು ನಿಮಗೆ ನಾವು ತೋರಿಸಬೇಕಾಗಿಲ್ಲ. ಹೆಡೆ ಎತ್ತಿದರೆ ಎಲ್ಲರಿಗೂ ಗೊತ್ತು. ತೊಂದರೆ ಇರುವುದು ಹೆಡೆ ಎತ್ತದೆ ಹರಿದು ಹೋಗುವಾಗ. ಆಗ ನೂರರಲ್ಲಿ ಅರ್ಧ ಸಲ ಅದು ಕೇರೆಹಾವೇ ನಾಗರವೇ ಎಂದು ಹಿರಿಯರೂ ಜಗಳವಾಡುತ್ತಾರೆ. ಕೇರೆಯ ಕಣ್ಣು ದೊಡ್ಡದು, ಮುಖ ಚೂಪು, ತುಟಿಯ ಮೇಲೆ ಕರಿಯ ಗೆರೆಗಳು ಇಳಿದಿರುತ್ತವೆ, ಬಾಲ ಉದ್ದ. ಕೆಣಕಿದರೆ ಅದೂ ಕುತ್ತಿಗೆ ಉಬ್ಬಿಸುತ್ತದೆ, ಆದರೆ ಮೇಲಕ್ಕೂ ಕೆಳಕ್ಕೂ. ನಾಗರ ಬಿಚ್ಚುವುದು ಎಡಕ್ಕೂ ಬಲಕ್ಕೂ. ಹೆಡೆಯ ಕನ್ನಡಕದ ಗುರುತು ಕೆಲವು ನಾಗರಗಳಲ್ಲಿ ಸರಿಯಾಗಿ ಇರುವುದೇ ಇಲ್ಲ, ಅದನ್ನು ನಂಬಿ ಕೂರಬೇಡಿ. ಹುತ್ತ, ಕೋಳಿಗೂಡು, ಹಳೆಯ ಬಾವಿಯ ಕಟ್ಟೆ, ಕಣಜ ಇವು ನಾಗರನ ಜಾಗ, ಬೆಳಿಗ್ಗೆ ಸಂಜೆ ಅದರ ಹೊತ್ತು. ನಮ್ಮವರು ಭಕ್ತಿಯಿಂದ ಇದನ್ನು ಕೊಲ್ಲುವುದಿಲ್ಲ. ಅದೇ ಕೈಯಲ್ಲಿ, ನಾಗರ ಅಂದುಕೊಂಡು ಹೆದರಿ, ರೈತನ ಇಲಿಗಳನ್ನು ಪುಕ್ಕಟೆ ಹಿಡಿಯುವ ಕೇರೆಯನ್ನು ಬಡಿಯುತ್ತಾರೆ. ಇದು ನಮಗೆ ಅರ್ಥವಾಗದ ಲೆಕ್ಕ.

ಗರಗಸ ಮಂಡಲ ನಮ್ಮ ನೀರಾವರಿ ಗದ್ದೆಯ ಹಾವಲ್ಲ. ಒಣ ನೆಲ, ಕಲ್ಲು ಗೋಮಾಳ, ಕುರುಚಲು ಗುಡ್ಡ ಇದರ ವಾಸ. ಒಂದು ಮೊಳದಷ್ಟು ಉದ್ದ, ತಲೆಯ ಮೇಲೆ ಬಾಣದಂಥ ಗುರುತು. ಮೈಯನ್ನು ಮೈಗೆ ಉಜ್ಜಿ ಗರಗರ ಸದ್ದು ಮಾಡುವುದರಿಂದ ಆ ಹೆಸರು. ಗುಡ್ಡದ ಕಡೆ ಕುರಿ ಮೇಯಿಸುವವರು, ಕಲ್ಲು ಎತ್ತುವವರು ಕಲ್ಲನ್ನು ತಮ್ಮ ಕಡೆಗೆ ಮಗುಚಬೇಕು. ಆಗ ಹಾವಿದ್ದರೆ ಅದಕ್ಕೂ ನಿಮಗೂ ನಡುವೆ ಕಲ್ಲು ಇರುತ್ತದೆ.

ನಮ್ಮಲ್ಲಿ ಕೆಲವರು ಕಾಫಿ ಕೊಯ್ಲಿಗೆ ಮಲೆನಾಡಿಗೆ ಹೋಗುತ್ತೀರಿ. ಅಲ್ಲಿ ಈ ಪಟ್ಟಿ ಸಾಲದು. ಗಿಡದ ಕೊಂಬೆಯಲ್ಲೂ ತರಗೆಲೆಯಲ್ಲೂ ಕೂರುವ ಗುಳಿಮಂಡಲಗಳಿವೆ. ಅವುಗಳಲ್ಲಿ ಮೂಗು ಮೇಲಕ್ಕೆ ಉಬ್ಬಿದ ಒಂದು ಸಣ್ಣ ಜಾತಿಯ ವಿಷಕ್ಕೆ ಆಸ್ಪತ್ರೆಯ ಈಗಿನ ಪ್ರತಿವಿಷ ಕೆಲಸ ಮಾಡುವುದಿಲ್ಲ. ಕಾಳಿಂಗ ಸರ್ಪವೂ ಅಲ್ಲಿಯದೇ. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಜಾತಿ ಎಂದು 2024ರಲ್ಲಿ ವಿಜ್ಞಾನಿಗಳು ತೋರಿಸಿ, ಅದಕ್ಕೆ ನಮ್ಮ ಕನ್ನಡದ ‘ಕಾಳಿಂಗ’ ಎಂಬ ಪದವನ್ನೇ ಶಾಸ್ತ್ರೀಯ ಹೆಸರಿನಲ್ಲಿ ಸೇರಿಸಿದರು. ಹೆಮ್ಮೆ ಪಡಬಹುದಾದ ವಿಷಯ. ಆದರೆ ಇಲ್ಲಿ ಅದು ಬರುವುದಿಲ್ಲ, ದೊಡ್ಡ ಹಾವು ಕಂಡಾಗಲೆಲ್ಲ ಕಾಳಿಂಗ ಎನ್ನುವುದನ್ನು ಬಿಡಿ.

ಈಗ ಕೆಲವು ತಪ್ಪು ಗುರುತುಗಳು. ‘ಮೂರು ಮೂಲೆ ತಲೆ ಇದ್ದರೆ ವಿಷ, ಇಲ್ಲದಿದ್ದರೆ ಇಲ್ಲ’ ಎಂಬ ಮಾತು ಊರೆಲ್ಲ ಇದೆ. ಇದನ್ನು ನಂಬಿದರೆ ನಾಗರವೂ ಕಟ್ಟುಹಾವೂ ವಿಷವಿಲ್ಲದವು ಎಂದಾಗುತ್ತದೆ, ಎರಡರ ತಲೆಯೂ ಹಾಗಿಲ್ಲ. ‘ಎರಡು ಹಲ್ಲಿನ ಗುರುತಿದ್ದರೆ ವಿಷ’ ಎಂಬುದೂ ಅಷ್ಟೇ. ಕಟ್ಟುಹಾವಿನ ಗುರುತು ಕಾಣುವುದೇ ಇಲ್ಲ, ಮಂಡಲ ಒಂದೇ ಹಲ್ಲಿನಲ್ಲಿ ತರಚಿರಬಹುದು. ಹಸಿರುಹಾವು ಹಣೆಗೆ ಕುಕ್ಕುತ್ತದೆ, ಕೊಂಬೇರಿ ಮೂರ್ಖ ಮರ ಹತ್ತಿ ಸುಡುಗಾಡಿನ ಹೊಗೆ ನೋಡುತ್ತದೆ, ನಾಗರ ಹನ್ನೆರಡು ವರ್ಷ ದ್ವೇಷ ಇಟ್ಟುಕೊಳ್ಳುತ್ತದೆ ಎನ್ನುವುದೆಲ್ಲ ಜಗಲಿಯ ಮಾತು. ಎರಡು ತಲೆ ಹಾವು ಅಂತ ಕೆಂಪು ಮಣ್ಣುಮುಕ್ಕವನ್ನು ಲಕ್ಷಕ್ಕೆ ಕೊಳ್ಳುತ್ತೇವೆ ಎಂದು ಹೇಳಿಕೊಂಡು ಬರುವವರು ಮೋಸಗಾರರು. ಅವರ ಜೊತೆ ಹೋದವನು ಸೇರುವುದು ಜೈಲಿಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. ಇನ್ನು ಕೇರೆಹಾವು ಹಸುವಿನ ಕಾಲಿಗೆ ಸುತ್ತಿಕೊಂಡು ಮೊಲೆ ಚೀಪಿ ಹಾಲು ಕುಡಿಯುತ್ತದೆ ಎಂಬ ಮಾತು. ಹಾವಿನ ಬಾಯಲ್ಲಿ ಒಳಕ್ಕೆ ಬಾಗಿದ ಸೂಜಿಯಂಥ ಹಲ್ಲುಗಳಿವೆ, ಅದು ಬಾಯಿ ಹಾಕಿದರೆ ಯಾವ ಹಸು ಸುಮ್ಮನೆ ನಿಲ್ಲುತ್ತದೆ ಹೇಳಿ. ಬೆಳಿಗ್ಗೆ ಒಂದು ಲೀಟರ್ ಕಡಿಮೆ ಬಂದರೆ ಕಾರ್ಯದರ್ಶಿಗಳ ಮುಂದೆ ಕೇರೆಹಾವನ್ನು ಸಾಕ್ಷಿಗೆ ಕರೆಯಬೇಡಿ.

ಹಾವನ್ನು ಹುಡುಕಿ ನೋಡಿ ಕಲಿಯುವುದು ಹೇಗೆ ಎಂದು ಯುವಕರು ಕೇಳುತ್ತಾರೆ. ಜೀವಂತ ಹಾವನ್ನು ಹಿಡಿದು ಕಲಿಯುವ ಹುಚ್ಚು ಬೇಡವೇ ಬೇಡ. ಅದಕ್ಕಿಂತ ಒಳ್ಳೆಯ ಪಾಠಶಾಲೆ ಎರಡಿವೆ. ಒಂದು ನಾಲೆ ಏರಿಯ ರಸ್ತೆ. ಮಳೆಗಾಲದ ಬೆಳಿಗ್ಗೆ ಡೇರಿಗೆ ಬರುವಾಗ ಗಾಡಿಗೆ ಸಿಕ್ಕಿ ಸತ್ತ ಹಾವು ಒಂದಾದರೂ ಬಿದ್ದಿರುತ್ತದೆ. ಕೋಲಿನಲ್ಲಿ ಮಗುಚಿ ನೋಡಿ, ಕೈ ಹಾಕಬೇಡಿ. ಸತ್ತ ಸ್ವಲ್ಪ ಹೊತ್ತಿನವರೆಗೂ ತಲೆ ಕಚ್ಚಬಲ್ಲದು. ಒಂದು ತಿಂಗಳು ಹೀಗೆ ನೋಡಿದವನಿಗೆ ತನ್ನೂರಿನ ಹಾವುಗಳ ಅಂದಾಜು ಬರುತ್ತದೆ.

ಇನ್ನೊಂದು ಪೊರೆ. ಹಾವು ಕಾಣದಿದ್ದರೂ ಬಣವೆ ಪಕ್ಕ, ಕೊಟ್ಟಿಗೆಯ ಸೂರು, ಕಲ್ಲುಗೋಡೆ ಸಂದಿಯಲ್ಲಿ ಪೊರೆ ಬಿಟ್ಟು ಹೋಗಿರುತ್ತದೆ. ಅದು ಹಾವು ಬರೆದಿಟ್ಟು ಹೋದ ವಿಳಾಸ. ಬೆನ್ನಿನ ನಡುಸಾಲನ್ನು ನೋಡಿ. ಅಲ್ಲಿನ ಹುರುಪೆಗಳು ಪಕ್ಕದವಕ್ಕಿಂತ ದೊಡ್ಡದಾಗಿ, ಆರು ಮೂಲೆಯಾಗಿ, ಜೇನುಗೂಡಿನ ಕಣ್ಣಿನಂತಿದ್ದರೆ ಅದು ಕಟ್ಟುಹಾವು. ಆಮೇಲೆ ಬಾಲದ ಅಡಿ ತಿರುಗಿಸಿ. ಕಟ್ಟುಹಾವಿಗೆ ಅಲ್ಲಿ ಅಡ್ಡಪಟ್ಟಿಗಳು ಇಡಿಯಾಗಿರುತ್ತವೆ. ತೋಳಹಾವು, ಕೇರೆ, ನಾಗರಕ್ಕೆ ನಡುವೆ ಸೀಳಿ ಎರಡು ಸಾಲಾಗಿರುತ್ತವೆ. ಪೊರೆ ಒರಟಾಗಿ, ಪ್ರತಿ ಹುರುಪೆಯ ನಡುವೆ ಏರು ಗೆರೆಯಿದ್ದು, ಬೆಳಕಿಗೆ ಹಿಡಿದರೆ ಸರಪಳಿ ಮಚ್ಚೆ ಮಸುಕಾಗಿ ಕಂಡರೆ ಕೊಳಕು ಮಂಡಲ. ನೀರುಹಾವಿನ ಹುರುಪೆಗೂ ಗೆರೆ ಇರುತ್ತದೆ, ಆದರೆ ಸರಪಳಿ ಇರುವುದಿಲ್ಲ. ಮನೆಯ ಹತ್ತಿರ ಕಟ್ಟುಹಾವಿನ ಪೊರೆ ಸಿಕ್ಕಿದರೆ ಆ ದಿನವೇ ಇಟ್ಟಿಗೆ ರಾಶಿ ದೂರ ಸಾಗಿಸಿ, ಗೋಡೆ ಬಿರುಕು ಮೆತ್ತಿ, ಮಕ್ಕಳನ್ನು ಮಂಚದ ಮೇಲೆ ಮಲಗಿಸಿ, ಸೊಳ್ಳೆಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ. ಸೊಳ್ಳೆಪರದೆಯೊಳಗೆ ಮಲಗಿದವರಿಗೆ ಹಾವು ಕಡಿತ ಕಡಿಮೆ ಎಂಬುದು ನೇಪಾಳದಲ್ಲಿ ಮಾಡಿ 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯಿಂದ ತಿಳಿದಿದೆ.

ಇಷ್ಟೆಲ್ಲ ಗುರುತು ಹೇಳಿದ ಮೇಲೆ ಒಂದು ವಿಚಿತ್ರವಾದ ಮಾತು ಹೇಳಬೇಕಾಗಿದೆ. ಹಾವು ಕಚ್ಚಿದ ಮೇಲೆ ಗುರುತು ಹಿಡಿಯಲು ಹೋಗಬೇಡಿ! ಈ ಕಲಿಕೆಯೆಲ್ಲ ಕಚ್ಚುವುದಕ್ಕೆ ಮುಂಚೆ ಉಪಯೋಗಿಸಲಿಕ್ಕೆ. ಕಚ್ಚಿದ ಮೇಲೆ ದೊಣ್ಣೆ ಹಿಡಿದು ಹಾವು ಹುಡುಕಿ, ಕೊಂದು, ಕವರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗುವುದರಲ್ಲಿ ಒಂದು ಗಂಟೆ ಹೋಗುತ್ತದೆ, ಎರಡನೆಯವನಿಗೂ ಕಚ್ಚುತ್ತದೆ. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ನಾವು ಹೇಳಿದ ನಾಲ್ಕೂ ಹಾವಿಗೆ ಒಂದೇ ಔಷಧ. ಡಾಕ್ಟರು ರೋಗಿಯನ್ನು ನೋಡಿಯೇ ತೀರ್ಮಾನಿಸುತ್ತಾರೆ. ರೆಪ್ಪೆ ಜೋತಿದೆಯೇ ನೋಡುತ್ತಾರೆ. ಸ್ವಲ್ಪ ರಕ್ತವನ್ನು ಒಣಗಿದ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹಾಲು ಹೆಪ್ಪಾಗುವಂತೆ ರಕ್ತ ಹೆಪ್ಪಾಗಬೇಕು. ನೀರಾಗಿಯೇ ಉಳಿದರೆ ಮಂಡಲದ ವಿಷ ಏರಿದೆ ಎಂದು ಅರ್ಥ. ದೂರದಿಂದ ಮೊಬೈಲಿನಲ್ಲಿ ಫೋಟೋ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಅದಕ್ಕಾಗಿ ನಿಲ್ಲಬೇಡಿ.

ಕಚ್ಚಿದ ಕೈ ಕಾಲನ್ನು ಮೂಳೆ ಮುರಿದವರಿಗೆ ಕಟ್ಟುವಂತೆ ದಬ್ಬೆ ಇಟ್ಟು ಅಲುಗಾಡದಂತೆ ಮಾಡಿ. ಬಳೆ, ಉಂಗುರ, ಕಾಲುಂಗುರ ತೆಗೆಯಿರಿ, ಊದಿದ ಮೇಲೆ ಬರುವುದಿಲ್ಲ. ನಡೆಸಬೇಡಿ. ಹಗ್ಗದಿಂದ ಬಿಗಿದು ಕಟ್ಟುವುದು, ಬ್ಲೇಡಿನಲ್ಲಿ ಕುಯ್ಯುವುದು, ಬಾಯಲ್ಲಿ ಎಳೆಯುವುದು, ಸೊಪ್ಪು ಅರೆದು ಹಚ್ಚುವುದು ಯಾವುದೂ ಬೇಡ. 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕಿದ ಗಾಡಿಯಲ್ಲಿ ಹೊರಡಿ. ಮಂತ್ರ ಹಾಕಿಸಿದ ಮೇಲೆ ವಾಸಿಯಾಯಿತು ಎಂದು ಎಷ್ಟೋ ಮನೆಯವರು ಆಣೆ ಇಟ್ಟು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಕಚ್ಚಿದ್ದು ಕೇರೆಯೋ ತೋಳಹಾವೋ ಇರಬಹುದು, ಅಥವಾ ವಿಷದ ಹಾವೇ ಕಚ್ಚಿಯೂ ವಿಷ ಬಿಡದೆ ಇರಬಹುದು, ಹಾಗೂ ಆಗುತ್ತದೆ. ಮಂಡಲ ಪೂರ್ತಿ ವಿಷ ಬಿಟ್ಟ ದಿನ ಮಂತ್ರಕ್ಕೂ ಮೂತ್ರಪಿಂಡಕ್ಕೂ ಮಾತುಕತೆ ನಡೆಯುವುದಿಲ್ಲ. ಅಂಥವರಿಗೆ ತಡವಾದರೆ ಡಯಾಲಿಸಿಸ್ ಬೇಕಾಗುತ್ತದೆ. ಹಸುವಿಗೆ ಕಚ್ಚಿದರೂ ಇದೇ ಮಾತು. ಮೇಯುವಾಗ ಮೂತಿಗೆ ಕಚ್ಚಿಸಿಕೊಂಡು ಮುಖ ಊದಿದರೆ ಪಶುವೈದ್ಯರನ್ನು ಕರೆಸಿ, ಪ್ರತಿವಿಷ ದನಗಳಿಗೂ ಆಗುತ್ತದೆ.

ಸಹಕಾರ ಸಂಘದ ಹಬ್ಬದಲ್ಲಿ ಇನ್ನೊಂದು ಸಹಕಾರ ಸಂಘದ ಹೆಸರು ಹೇಳದಿದ್ದರೆ ತಪ್ಪಾದೀತು. ನಮಗೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಮೂಲ ಎಲ್ಲಿದೆ ಗೊತ್ತೇ? ತಮಿಳುನಾಡಿನ ಇರುಳರು ತಲೆತಲಾಂತರದಿಂದ ಹಾವು ಹಿಡಿಯುವವರು. ಹಾವಿನ ಚರ್ಮದ ವ್ಯಾಪಾರ ನಿಂತ ಮೇಲೆ ಅವರ ಹೊಟ್ಟೆಪಾಡು ಹೋಯಿತು. 1978ರಲ್ಲಿ ಚೆನ್ನೈ ಹತ್ತಿರ ಅವರದೇ ಒಂದು ಹಾವು ಹಿಡಿಯುವವರ ಸಹಕಾರ ಸಂಘ ಆಯಿತು. ರಾಮುಲಸ್ ವಿಟೇಕರ್ ಅದಕ್ಕೆ ಬೆನ್ನೆಲುಬಾಗಿ ನಿಂತರು. ಸರ್ಕಾರದ ಪರವಾನಗಿಯ ಮೇಲೆ ಹಾವು ಹಿಡಿದು ತರುತ್ತಾರೆ, ಕೆಲವು ವಾರ ಮಡಕೆಯಲ್ಲಿಟ್ಟು ವಿಷ ಕರೆಯುತ್ತಾರೆ, ಆಮೇಲೆ ಹಾವನ್ನು ಮತ್ತೆ ಬಿಟ್ಟುಬಿಡುತ್ತಾರೆ. ನಾವು ಹಾಲು ಕರೆದು ಅಳೆಯುತ್ತೇವೆ, ಅವರು ವಿಷ ಕರೆದು ಒಣಗಿಸಿ ಗ್ರಾಂ ಲೆಕ್ಕದಲ್ಲಿ ಮಾರುತ್ತಾರೆ. ಔಷಧ ಕಂಪನಿಗಳು ಅದನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಆ ಕುದುರೆಯ ರಕ್ತದಿಂದ ಪ್ರತಿವಿಷ ತೆಗೆಯುತ್ತವೆ. ಒಂದು ಕೊರತೆಯೂ ಇದೆ. ಒಂದೇ ಜಾತಿಯ ಹಾವಿನ ವಿಷ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ, ಆದ್ದರಿಂದ ಒಂದು ಕಡೆಯ ವಿಷದಿಂದ ಮಾಡಿದ ಔಷಧ ಎಲ್ಲ ಕಡೆಯೂ ಸಮನಾಗಿ ಹಿಡಿಯುವುದಿಲ್ಲ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿಕೊಟ್ಟಿದೆ. ಹಾಗೆಂದು ಇರುವ ಔಷಧ ಬೇಡ ಎನ್ನುವಂತಿಲ್ಲ. ಅದನ್ನು ಬಿಟ್ಟರೆ ಬೇರೆ ಇಲ್ಲ.

2024ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಆಸ್ಪತ್ರೆಗೆ ಬಂದ ಪ್ರತಿಯೊಂದು ಕಡಿತವೂ, ಸಾವೂ ಲೆಕ್ಕಕ್ಕೆ ಸೇರಬೇಕು. ಮನೆಯಲ್ಲೇ ಸತ್ತು ಮಣ್ಣಾದರೆ ಆ ಸಾವು ಲೆಕ್ಕಕ್ಕೆ ಬರುವುದಿಲ್ಲ, ನಮ್ಮ ತಾಲ್ಲೂಕಿಗೆ ಎಷ್ಟು ಔಷಧ ಬೇಕೆಂದು ಮೇಲಿನವರಿಗೆ ತಿಳಿಯುವುದೂ ಇಲ್ಲ.

ಸಂಘದವರಲ್ಲಿ ನಮ್ಮ ವಿನಂತಿ ಮೂರೇ. ಡೇರಿಯ ನೋಟೀಸ್ ಬೋರ್ಡಿನ ಪಕ್ಕ ಈ ನಾಲ್ಕು ಹಾವಿನ, ಜೊತೆಗೆ ಕೇರೆ, ತೋಳಹಾವು, ಮಣ್ಣುಮುಕ್ಕದ ಬಣ್ಣದ ಚಿತ್ರಪಟ ಹಾಕಿಸಿ. ಅದರ ಕೆಳಗೆ, ಹತ್ತಿರದಲ್ಲಿ ಪ್ರತಿವಿಷ ಇರುವ ಆಸ್ಪತ್ರೆ ಯಾವುದು, ಉಸಿರಾಟದ ಯಂತ್ರ ಇರುವುದು ಯಾವುದು ಎಂದು ವಿಚಾರಿಸಿ ದಪ್ಪ ಅಕ್ಷರದಲ್ಲಿ ಬರೆಸಿ, ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಅದನ್ನು ಮತ್ತೆ ಕೇಳಿ ಸರಿಪಡಿಸಿ. ಲಾಭಾಂಶದಲ್ಲಿ ಸ್ವಲ್ಪ ತೆಗೆದಿಟ್ಟು ಸದಸ್ಯರಿಗೆ ಟಾರ್ಚನ್ನೂ ಗಮ್‌ಬೂಟನ್ನೂ ಅಸಲು ಬೆಲೆಗೆ ಕೊಡಿ. ಈ ಬೆಳ್ಳಿಹಬ್ಬಕ್ಕೆ ಸ್ಟೀಲ್ ಡಬ್ಬಿ ಕೊಡುತ್ತೀರೆಂದು ಕೇಳಿದ್ದೇವೆ. ಡಬ್ಬಿಯೂ ಇರಲಿ.

ಪಕ್ಕದ ಮೇಜಿನ ಮೇಲೆ ಐದು ಪೊರೆಗಳನ್ನು ಹರಡಿದ್ದೇವೆ. ಎಲ್ಲವೂ ಇದೇ ಹೋಬಳಿಯಲ್ಲಿ ಬಣವೆ, ಕೊಟ್ಟಿಗೆಗಳ ಹತ್ತಿರ ಸಿಕ್ಕಿದವು. ಹೆಸರು ಬರೆದಿಲ್ಲ. ಊಟಕ್ಕೆ ಹೋಗುವ ಮುಂಚೆ ಮಕ್ಕಳು ಮೊದಲು ಬನ್ನಿ, ಬೆನ್ನಿನ ನಡುಸಾಲು ನೋಡಿ, ಬಾಲದ ಅಡಿ ತಿರುಗಿಸಿ, ಅವುಗಳಲ್ಲಿ ಕಟ್ಟುಹಾವಿನದು ಯಾವುದೆಂದು ನೀವೇ ಹೇಳಿ. ಮುಟ್ಟಬಹುದು, ಎಳೆಯಬೇಡಿ, ಬೇಗ ಹರಿಯುತ್ತವೆ.